ಹಲಗೆಯೊಳಗಿನ ಅಂಟು

ಹಿಂದಿನ ತಲೆಮಾರಿನ ಗೃಹಿಣಿಯರು ಹಳೆಯ ಕಾಗದವನ್ನು ಎಸೆಯುತ್ತಿರಲಿಲ್ಲ. ವರ್ಷವಿಡೀ ಕೂಡಿಟ್ಟ ರದ್ದಿಯನ್ನು ಬೇಸಿಗೆ ಬಂದೊಡನೆ ನೀರಿನಲ್ಲಿ ನೆನೆಹಾಕಿ, ಮೂರು ನಾಲ್ಕು ದಿನ ಬಿಟ್ಟು, ಒರಳಿನಲ್ಲಿ ನುಣ್ಣಗೆ ರುಬ್ಬಿ, ಅದಕ್ಕೆ ನೆನೆಸಿ ಅರೆದ ಮೆಂತ್ಯವನ್ನು ಕಲಸಿ, ಬೋರಲು ಹಾಕಿದ ಬಿಂದಿಗೆಯ ಮೇಲೆ ಬಳಿದು ಬಿಸಿಲಿಗಿಡುತ್ತಿದ್ದರು. ಒಣಗಿದ ಮೇಲೆ ಬಿಂದಿಗೆಯಿಂದ ಬಿಡಿಸಿದರೆ ಬುಟ್ಟಿ ಸಿದ್ಧ. ಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿ ಅದರಲ್ಲಿ ವರ್ಷಗಟ್ಟಲೆ ಇರುತ್ತಿದ್ದವು. ಕಾಗದವೆಂದರೆ ಮರದ ಅಥವಾ ಹುಲ್ಲಿನ ನಾರು, ಮೆಂತ್ಯವೆಂದರೆ ಅಂಟು. ನಾರನ್ನು ಬಿಡಿಬಿಡಿಯಾಗಿಸಿ, ಅಂಟು ಬೆರೆಸಿ, ಬೇಕಾದ ಆಕಾರಕ್ಕೆ ಒತ್ತಿ ಒಣಗಿಸುವ ಈ ಕೆಲಸವನ್ನೇ ಇಂದು ದೊಡ್ಡ ಕಾರ್ಖಾನೆಗಳು ದಿನಕ್ಕೆ ನೂರಾರು ಟನ್ನುಗಳ ಲೆಕ್ಕದಲ್ಲಿ ಮಾಡುತ್ತಿವೆ. ಮೆಂತ್ಯದ ಬದಲು ಅಲ್ಲಿ ಬೇರೆ ಅಂಟಿದೆ. ಈ ಲೇಖನ ಆ ಅಂಟಿನ ಕುರಿತಾದದ್ದು.

ಈಗ ಕಟ್ಟುತ್ತಿರುವ ಮನೆಗಳಲ್ಲಿ ನಾವು ಮರವೆಂದು ಮುಟ್ಟುವುದರಲ್ಲಿ ಹೆಚ್ಚಿನದು ಇಡೀ ಮರವಲ್ಲ. ತಲೆಬಾಗಿಲೊಂದನ್ನು ಸಾಗುವಾನಿಯಲ್ಲಿ ಮಾಡಿಸಿ, ಒಳಗಿನ ಬೀರು, ಅಡುಗೆಮನೆಯ ಕಪಾಟು, ಮಕ್ಕಳ ಓದುವ ಮೇಜು, ಮಂಚದ ತಲೆಹಲಗೆ ಇವನ್ನೆಲ್ಲ ಹಲಗೆಗಳಲ್ಲಿ ಮುಗಿಸುವುದು ವಾಡಿಕೆಯಾಗಿದೆ. ತೆಳುವಾಗಿ ಸುಲಿದ ಮರದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಅಂಟಿಸಿದರೆ ಪ್ಲೈವುಡ್. ಮರದ ಚೂರು, ಹೊಟ್ಟು ಸೇರಿಸಿ ಒತ್ತಿದರೆ ಪಾರ್ಟಿಕಲ್ ಬೋರ್ಡ್. ಮರವನ್ನು ಹತ್ತಿಯಂತೆ ಹಿಂಜಿ, ನಾರಾಗಿಸಿ ಒತ್ತಿದರೆ ಅಂಗಡಿಯವರು ಎಂಡಿಎಫ್ ಎಂದು ಕರೆಯುವ ನಾರುಹಲಗೆ. ಮೇಲೆ ಬಣ್ಣದ ಹಾಳೆ ಅಂಟಿಸಿ ಬಂದರೆ ಅದನ್ನು ಪ್ರಿಲ್ಯಾಮ್ ಎನ್ನುತ್ತಾರೆ. ಹಾಳೆಯ ಕೆಳಗೇನಿದೆಯೆಂದು ಕೇಳುವವರು ವಿರಳ.

ನಾವು ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಸಾಯನಶಾಸ್ತ್ರ ಬೋಧಿಸಿ ನಿವೃತ್ತರಾದವರು. ನಮ್ಮ ಮಗ ಕಟ್ಟಿಸಿದ ಹೊಸ ಮನೆಗೆ 2020ರ ಫೆಬ್ರವರಿಯಲ್ಲಿ ಗೃಹಪ್ರವೇಶವಾಯಿತು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ಎಲ್ಲರೂ ಒಳಗೇ ಉಳಿದೆವು. ಏಳು ವರ್ಷದ ಮೊಮ್ಮಗಳ ಕೋಣೆಯಲ್ಲಿ ಒಂದು ಗೋಡೆಯುದ್ದಕ್ಕೂ ಬೀರು, ಇನ್ನೊಂದು ಗೋಡೆಗೆ ಮೇಜು ಮತ್ತು ಪುಸ್ತಕದ ಅರೆ, ಎಲ್ಲವೂ ನಾರುಹಲಗೆ. ಬಿಸಿಲಿನ ಝಳಕ್ಕೆ ಕಿಟಕಿ ಮುಚ್ಚಿ ಫ್ಯಾನು ಹಾಕಿಕೊಂಡು ಆಕೆ ಅಲ್ಲಿಯೇ ಆಡುವಳು, ಅಲ್ಲಿಯೇ ಮಲಗುವಳು. ವಾರ ಎರಡು ವಾರದಲ್ಲಿ, "ಅಜ್ಜ, ಕಣ್ಣು ಉರೀತವೆ" ಎಂದು ಉಜ್ಜಿಕೊಳ್ಳತೊಡಗಿದಳು. ಬೆಳಗಿನ ಹೊತ್ತು ಒಣಕೆಮ್ಮು. ಆ ದಿನಗಳಲ್ಲಿ ಮನೆಯಲ್ಲಿ ಒಂದು ಕೆಮ್ಮು ಕೇಳಿದರೆ ಎಲ್ಲರ ಮುಖವೂ ಬಿಳುಪೇರುತ್ತಿದ್ದುದನ್ನು ಓದುಗರು ಮರೆತಿರಲಾರರು. ಜ್ವರವಿಲ್ಲ, ಗಂಟಲು ಕೆಂಪಾಗಿಲ್ಲ, ಆದರೆ ಕೆಮ್ಮು ನಿಲ್ಲಲಿಲ್ಲ.

ಸೊಸೆ ಒಂದು ದಿನ ಬೀರುವಿನ ಬಾಗಿಲು ತೆರೆದು, "ಮಾವ, ಇಲ್ಲಿ ಒಂದ್ಸಲ ಬಂದು ವಾಸನೆ ನೋಡಿ" ಎಂದು ಕರೆದಳು. ಮೂಗಿಗೆ ಬಡಿದ ಆ ವಾಸನೆ ನಮಗೆ ಹೊಸದಾಗಿರಲಿಲ್ಲ. ನಮ್ಮ ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆ, ಹಾವು, ಮೀನುಗಳನ್ನು ಕೆಡದಂತೆ ಇಡುತ್ತಿದ್ದ ಗಾಜಿನ ಭರಣಿಗಳ ವಾಸನೆ ಅದು. ಅದು ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರಾವಣ. ಭರಣಿಯ ಮುಚ್ಚಳ ತೆರೆದ ಹುಡುಗರು ಕಣ್ಣೀರು ಸುರಿಸಿಕೊಂಡು ಹೊರಗೆ ಓಡುತ್ತಿದ್ದರು. ಆ ವಸ್ತು ಮೊಮ್ಮಗಳ ಫ್ರಾಕುಗಳ ನಡುವೆ ಹೇಗೆ ಬಂದು ಕುಳಿತಿತು?

ಫಾರ್ಮಾಲ್ಡಿಹೈಡ್ ಬಹು ಅಗ್ಗದ, ಬಹು ಚುರುಕಾದ ವಸ್ತು. ರೈತಬಂಧುಗಳು ಹೊಲಕ್ಕೆ ಚೆಲ್ಲುವ ಯೂರಿಯಾದೊಡನೆ ಅದನ್ನು ಹದವರಿತು ಬೇಯಿಸಿದರೆ ಹಾಲಿನಂತಹ ಮಂದವಾದ ದ್ರವವೊಂದು ದೊರೆಯುತ್ತದೆ. ಅದಕ್ಕೆ ಒಂದಿಷ್ಟು ಅಮೋನಿಯಂ ಲವಣ ಬೆರೆಸಿ ಕಾಯಿಸಿದರೆ ಕೆಲವೇ ನಿಮಿಷಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಯೂರಿಯಾ-ಫಾರ್ಮಾಲ್ಡಿಹೈಡ್ ರಾಳವೆಂದು ಇದರ ಹೆಸರು. ಬಣ್ಣವಿಲ್ಲ, ಬೆಲೆ ಕಡಿಮೆ, ಬೇಗ ಗಟ್ಟಿಯಾಗುತ್ತದೆ ಎಂಬ ಮೂರು ಗುಣಗಳಿಂದ ಇದು ಜಗತ್ತಿನ ನಾರುಹಲಗೆಯ ಕಾರ್ಖಾನೆಗಳನ್ನೆಲ್ಲ ಆಕ್ರಮಿಸಿತು. ಆದರೆ ಅದಕ್ಕೆ ಎರಡು ದೋಷಗಳಿವೆ. ಬೆಸೆದುಕೊಳ್ಳದೆ ಉಳಿದ ಫಾರ್ಮಾಲ್ಡಿಹೈಡ್ ಹಲಗೆಯೊಳಗಿನಿಂದ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಅಲ್ಲದೆ ತೇವ ಮತ್ತು ಸೆಕೆ ಸೇರಿದರೆ ಬೆಸೆದುಕೊಂಡ ರಾಳವೂ ಮೆಲ್ಲಗೆ ಒಡೆದು ಹಿಂದಿನ ವಸ್ತುಗಳಿಗೆ ಮರಳುತ್ತದೆ. ಯುರೋಪಿನ ಚಳಿದೇಶದ ಮನೆಗೂ ಏಪ್ರಿಲ್ ತಿಂಗಳ ದಾವಣಗೆರೆಯ ಮನೆಗೂ ಇಲ್ಲಿ ವ್ಯತ್ಯಾಸವಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯೂರಿಯಾದ ಮಾತು ಬಂದದ್ದರಿಂದ ಒಂದು ವಿಷಯ. ರೈತರಿಗೆಂದು ಸರಕಾರ ಸಹಾಯಧನ ನೀಡಿ ಕೊಡುವ ಗೊಬ್ಬರ ಕದ್ದುಮುಚ್ಚಿ ಅಂಟಿನ ಕಾರ್ಖಾನೆಗಳಿಗೆ ಹೋಗುತ್ತದೆಂಬ ದೂರು ಹಳೆಯದು. 2015ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವನ್ನು ಕಡ್ಡಾಯ ಮಾಡಿದುದಕ್ಕೆ, ಮಣ್ಣಿನಲ್ಲಿ ಅದು ನಿಧಾನವಾಗಿ ಕರಗಲಿ ಎಂಬುದರ ಜೊತೆಗೆ ಈ ಸೋರಿಕೆಯನ್ನು ತಡೆಯುವುದೂ ಒಂದು ಕಾರಣ. ಆ ಮೇಲೂ ಸೋರಿಕೆ ಪೂರ್ತಿ ನಿಲ್ಲಲಿಲ್ಲ; 2022ರಲ್ಲಿ ಕೇಂದ್ರ ಸರಕಾರ ಹಲವು ರಾಜ್ಯಗಳಲ್ಲಿ ಇದಕ್ಕಾಗಿಯೇ ತಪಾಸಣೆಗಳನ್ನು ನಡೆಸಬೇಕಾಯಿತು. ಮುಂಗಾರಿನಲ್ಲಿ ಗೊಬ್ಬರದಂಗಡಿಯ ಮುಂದೆ ಸಾಲು ನಿಂತವರಿಗೆ ತಮ್ಮ ಪಾಲಿನ ಚೀಲ ಯಾರದೋ ಬೀರುವಿನೊಳಗೆ ಸೇರಿರಬಹುದೆಂಬ ಕಲ್ಪನೆಯೂ ಇರುವುದಿಲ್ಲ.

ಇರಲಿ. ವಾಸನೆಯನ್ನು ನಂಬಿ ಕೂಡುವುದು ಶಾಸ್ತ್ರೀಯವಲ್ಲವೆಂದು ಲಾಕ್‌ಡೌನ್ ಸಡಿಲವಾದ ಬಳಿಕ ಹಳೆಯ ಕಾಲೇಜಿನ ಪ್ರಯೋಗಾಲಯಕ್ಕೆ ಹೋದೆವು. ಬೀರುವಿನ ಹಿಂಬದಿಯಿಂದ ಕತ್ತರಿಸಿದ ಬೆರಳಗಲದ ಹಲಗೆಯ ಚೂರನ್ನು ಒಂದು ಬಾಟಲಿಯಲ್ಲಿ, ಅಡಿಯ ನೀರಿಗೆ ತಾಗದಂತೆ ದಾರದಿಂದ ತೂಗಿಬಿಟ್ಟು ಮುಚ್ಚಿದೆವು. ಇನ್ನೊಂದು ಬಾಟಲಿಯಲ್ಲಿ ಹಳೆಯ ಸಾಗುವಾನಿಯ ಚೂರು. ಎರಡನ್ನೂ ಮೂರು ಗಂಟೆ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟೆವು. ಜರ್ಮನಿಯ ಹಲಗೆ ಸಂಶೋಧಕರು ರೂಢಿಗೆ ತಂದ ಪರೀಕ್ಷೆಯ ಸರಳ ಅನುಕರಣೆ ಇದು. ಆ ಬಳಿಕ ಅಡಿಯ ನೀರಿಗೆ ಶಿಫ್ಸ್ ರಿಯೇಜೆಂಟ್ ಎಂಬ, ಪಿಯುಸಿ ಓದಿದ ಮಕ್ಕಳಿಗೆಲ್ಲ ಪರಿಚಿತವಾದ ದ್ರಾವಣದ ಹನಿಗಳನ್ನು ಬಿಟ್ಟೆವು. ಸಾಗುವಾನಿಯ ಬಾಟಲಿಯ ನೀರು ಇದ್ದಂತೆಯೇ ಇತ್ತು. ನಾರುಹಲಗೆಯ ನೀರು ದಾಸವಾಳದ ಬಣ್ಣಕ್ಕೆ ತಿರುಗಿತು. ಎಷ್ಟು ಪ್ರಮಾಣವೆಂಬುದನ್ನು ಈ ಪರೀಕ್ಷೆ ಹೇಳಲಾರದು. ಇದೆಯೆಂಬುದನ್ನು ಮಾತ್ರ ಹೇಳುತ್ತದೆ. ಅಂದಿಗೆ ನಮಗೆ ಅಷ್ಟು ಸಾಕಾಗಿತ್ತು.

ಹಲಗೆ ಮಾರಿದ ಅಂಗಡಿಯ ಹೆಸರು ಇಲ್ಲಿ ಬೇಡ. ಮಗ ಫೋನು ಮಾಡಿ ಕೇಳಿದಾಗ, "ಹೊಸ ಫರ್ನಿಚರ್ ಅಂದ್ರೆ ವಾಸನೆ ಇದ್ದದ್ದೇ ಸರ್, ಕರ್ಪೂರದುಂಡೆ ಇಡಿ" ಎಂಬ ಉತ್ತರ ಬಂತು. ಹಲಗೆ ಯಾವ ದರ್ಜೆಯದೆಂದು ಬಿಲ್ಲಿನಲ್ಲಿ ಬರೆದಿರಲಿಲ್ಲ. ಹಲಗೆಯ ಮೇಲೆ ಮುದ್ರೆಯೂ ಇರಲಿಲ್ಲ.

ಈ ಅನಿಲದ ಬಗ್ಗೆ ಲೋಕಕ್ಕೆ ತಿಳಿವಳಿಕೆ ಬಂದುದು ನಿಧಾನವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮರುವರ್ಷವೇ ಅಮೆರಿಕಾದಲ್ಲಿ ಕತ್ರಿನಾ ಚಂಡಮಾರುತ ಬೀಸಿ, ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳಿಗೆ ಸರಕಾರ ಚಕ್ರದ ಮೇಲಿನ ತಾತ್ಕಾಲಿಕ ಮನೆಗಳನ್ನು ಕೊಟ್ಟಿತು. ಅವುಗಳ ಒಳಗೋಡೆ, ಕಪಾಟುಗಳಲ್ಲಿ ಅಂಟಿನ ಹಲಗೆಗಳು ತುಂಬಿದ್ದವು. ಅಲ್ಲಿ ನೆಲೆಸಿದವರಿಗೆ ಕಣ್ಣುರಿ, ಕೆಮ್ಮು, ತಲೆನೋವು. ಆ ದೇಶದ ರೋಗ ನಿಯಂತ್ರಣ ಕೇಂದ್ರದವರು 519 ಮನೆಗಳ ಗಾಳಿಯನ್ನು ಅಳೆದು 2008ರಲ್ಲಿ ಪ್ರಕಟಿಸಿದ ವರದಿಯಂತೆ, ನೂರು ಕೋಟಿ ಪಾಲು ಗಾಳಿಯಲ್ಲಿ ಸರಾಸರಿ 77 ಪಾಲು ಫಾರ್ಮಾಲ್ಡಿಹೈಡ್ ಇತ್ತು. ಕೆಲವು ಮನೆಗಳಲ್ಲಿ ಇದು ಹಲವು ಪಟ್ಟು ಹೆಚ್ಚಿತ್ತು. ಬೇಸಿಗೆಯಲ್ಲಿ ಅಳೆದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೆಂದು ಅವರೇ ಹೇಳಿದರು. ಕ್ಯಾಲಿಫೋರ್ನಿಯ ರಾಜ್ಯ 2007ರಲ್ಲಿಯೂ ಅಮೆರಿಕಾದ ಒಕ್ಕೂಟ ಸರಕಾರ 2010ರಲ್ಲಿಯೂ ಹಲಗೆಯಿಂದ ಹೊರಬರುವ ಅನಿಲಕ್ಕೆ ಕಾನೂನಿನ ಮಿತಿ ಹಾಕಿದವು. ಯುರೋಪಿನವರು ಅದಕ್ಕೂ ಮೊದಲೇ ಇ-1 ಎಂಬ ದರ್ಜೆಯನ್ನು ಮಾಡಿಕೊಂಡಿದ್ದರು: ಒಣ ಹಲಗೆಯ 100 ಗ್ರಾಂನಲ್ಲಿ ಬಿಡುಗಡೆಯಾಗುವ ಫಾರ್ಮಾಲ್ಡಿಹೈಡ್ 8 ಮಿಲಿಗ್ರಾಂ ಮೀರಬಾರದು. ನಮ್ಮಲ್ಲಿಯೂ ನಾರುಹಲಗೆಗೆ ಐ.ಎಸ್. 12406 ಎಂಬ ಮಾನಕವಿದೆ. ಅದನ್ನು ಕೇಳಿ ಕೊಳ್ಳುವ ಗಿರಾಕಿ ಬೇಕಷ್ಟೆ.

ಮೊಮ್ಮಗಳ ವಿಷಯಕ್ಕೆ ಬರೋಣ. ಮಕ್ಕಳ ವೈದ್ಯರು, ಇದರಿಂದಲೇ ಕೆಮ್ಮು ಬಂತೆಂದು ಖಂಡಿತವಾಗಿ ಹೇಳಲಾಗದು, ಆದರೆ ಹಾಸಿಗೆಯನ್ನು ಆ ಕೋಣೆಯಿಂದ ತೆಗೆದರೆ ನಷ್ಟವೇನೂ ಇಲ್ಲವೆಂದರು. ಆಕೆ ಅಜ್ಜಿಯ ಮಗ್ಗುಲಿಗೆ ಬಂದಳು. ಹದಿನೈದು ದಿನದಲ್ಲಿ ಕಣ್ಣುರಿ ನಿಂತಿತು. ಕೆಮ್ಮು ನಿಲ್ಲಲು ಒಂದು ತಿಂಗಳು ಹಿಡಿಯಿತು. ಸಾಲ ಮಾಡಿ ಮಾಡಿಸಿದ ಬೀರನ್ನು ಕಿತ್ತೆಸೆಯುವ ಸ್ಥಿತಿಯಲ್ಲಿ ಮಗ ಇರಲಿಲ್ಲ, ಎಸೆಯುವ ಅಗತ್ಯವೂ ಇರಲಿಲ್ಲ. ಬಣ್ಣದ ಹಾಳೆ ಅಂಟಿಸಿದ ಮೈಯಿಂದ ಅನಿಲ ಅಷ್ಟಾಗಿ ಹೊರಬರುವುದಿಲ್ಲ. ಹೊರಬರುವುದು ಹಾಳೆಯಿಲ್ಲದ ಹಿಂಬದಿಯಿಂದ, ಕತ್ತರಿಸಿದ ಅಂಚುಗಳಿಂದ, ತಿರುಗಣೆಗೆಂದು ಕೊರೆದ ತೂತುಗಳಿಂದ. ಆಚಾರ್ರನ್ನು ಕರೆಸಿ ಬೀರನ್ನು ಗೋಡೆಯಿಂದ ಬಿಡಿಸಿ, ಹಿಂಬದಿಗೂ ಅಂಚುಗಳಿಗೂ ಎರಡು ಕೈ ವಾರ್ನಿಷ್ ಹೊಡೆಸಿದೆವು. ಬಾಗಿಲುಗಳನ್ನು ತೆರೆದಿಟ್ಟು, ಕಿಟಕಿಗೆ ಸೊಳ್ಳೆಪರದೆ ಹಾಕಿಸಿ ಹಗಲೂ ರಾತ್ರಿಯೂ ಗಾಳಿಯಾಡಲು ಬಿಟ್ಟೆವು. ಮುಂದಿನ ಬೇಸಿಗೆಯ ಹೊತ್ತಿಗೆ ವಾಸನೆ ಇರಲಿಲ್ಲ. ಹೊಸ ಹಲಗೆ ಮೊದಲ ತಿಂಗಳುಗಳಲ್ಲಿ ಹೆಚ್ಚು ಅನಿಲ ಬಿಟ್ಟು, ಬರಬರುತ್ತ ಕಡಿಮೆ ಮಾಡುತ್ತದೆ. ಹೊಸ ಮನೆಗೆ ಪೀಠೋಪಕರಣ ಮಾಡಿಸುವವರು ಅವನ್ನು ವಾಸಕ್ಕೆ ಎರಡು ಮೂರು ತಿಂಗಳು ಮೊದಲೇ ಮಾಡಿಸಿ, ಮನೆಯ ಕಿಟಕಿಗಳನ್ನು ತೆರೆದಿಡುವುದು ಲೇಸು. ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ಗೃಹಪ್ರವೇಶದ ಹಿಂದಿನ ರಾತ್ರಿಯವರೆಗೂ ಗರಗಸದ ಸದ್ದು ಕೇಳುತ್ತಿರುತ್ತದೆ.

ವಾರ್ನಿಷ್ ಹೊಡೆಯಲು ಬಂದ ಆಚಾರ್ರು ನಮ್ಮ ತಂದೆಯವರ ಕಾಲದಿಂದ ಮನೆಗೆ ಬೇಕಾದವರು. ಹಳ್ಳಿಯ ಹಳೆಯ ಮನೆಯ ಬಾಗಿಲುಗಳನ್ನು ಅವರ ತಂದೆ ಮಾಡಿದ್ದರು. ಅಂದಿನ ಅಂಟು ಸರೇಸು. ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಬಿಲ್ಲೆಗಳನ್ನು ನೀರಿನಲ್ಲಿ ಕಾಯಿಸಿ ಬಿಸಿಯಿರುವಾಗಲೇ ಹಚ್ಚಬೇಕಾಗಿತ್ತು. ಅದನ್ನು ಮನೆಯ ಒಳಗೆ ಕಾಯಿಸಲು ನಮ್ಮ ಅಜ್ಜಿ ಬಿಡುತ್ತಿರಲಿಲ್ಲವಾದ್ದರಿಂದ ದನದ ಕೊಟ್ಟಿಗೆಯ ಆಚೆ ಒಲೆ ಹೂಡುತ್ತಿದ್ದರಂತೆ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆ ಒಲೆ ಆರಿತು. ಆದರೂ ಆ ತಲೆಮಾರಿನವರು ಅಂಟನ್ನು ಆಸರೆಗೆ ಬಳಸಿದರೇ ಹೊರತು ಆಧಾರಕ್ಕಲ್ಲ. ಸಾಲುಹಲ್ಲು, ಗೂಟ, ಕೊಂಡಿಗಳೇ ಮರವನ್ನು ಹಿಡಿಯುತ್ತಿದ್ದವು. "ಮೇಷ್ಟ್ರೇ, ಮರಕ್ಕೆ ಎಳೆ ಇರುತ್ತೆ, ಉಳಿ ಆ ಎಳೆ ಹಿಡ್ಕೊಂಡು ಹೋಗುತ್ತೆ. ಇದು ಹಿಟ್ಟು. ಹಿಟ್ಟಿಗೆ ಎಲ್ಲಿ ಉಳಿ ಹಾಕಲಿ?" ಎಂದು ಆಚಾರ್ರು ನಾರುಹಲಗೆಯ ಅಂಚನ್ನು ಉಗುರಿನಿಂದ ಕೆರೆದು ತೋರಿಸಿದರು.

ಅವರು ಹಿಟ್ಟೆಂದದ್ದು ಹಿಟ್ಟಲ್ಲವೆಂಬುದನ್ನು ನಾವು ಕಣ್ಣಾರೆ ಕಂಡದ್ದು 2022ರಲ್ಲಿ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನಾರುಹಲಗೆಯ ಕಾರ್ಖಾನೆಯಲ್ಲಿ ಅಂಟಿನ ವಿಭಾಗ ನೋಡಿಕೊಳ್ಳುತ್ತಿದ್ದರು. ಅವರ ಕರೆಯ ಮೇರೆಗೆ ಒಂದು ದಿನ ಅಲ್ಲಿ ಕಳೆದೆವು. ಅಂಗಳದಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ದಿಮ್ಮಿಗಳ ರಾಶಿ. ತೋಳಿಗಿಂತ ದಪ್ಪವಿಲ್ಲದವೂ ಇದ್ದವು. ಕಾಡಿನ ಮರ ಒಂದೂ ಇರಲಿಲ್ಲ, ಎಲ್ಲವೂ ರೈತರ ಹೊಲಬದುಗಳಿಂದ, ತೋಟಗಳಿಂದ ಬಂದವು. ತೊಗಟೆ ಸುಲಿದು ಹೆಬ್ಬೆರಳ ಉಗುರಿನಷ್ಟು ಚಕ್ಕೆಗಳಾಗಿ ಕತ್ತರಿಸಿ, ಮಣ್ಣು ಕಲ್ಲು ಹೋಗುವಂತೆ ತೊಳೆದು, ಎತ್ತರದ ಹಂಡೆಯೊಂದರಲ್ಲಿ ಆವಿಯ ಒತ್ತಡಕ್ಕೆ ಒಡ್ಡುತ್ತಾರೆ. ಸುಮಾರು 170 ಡಿಗ್ರಿಯ ಆವಿ, ಕೆಲವು ನಿಮಿಷ. ನಮ್ಮ ಮನೆಯ ಕುಕ್ಕರಿನಲ್ಲಿ ತೊಗರಿಬೇಳೆ ಬೇಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ನೈಸರ್ಗಿಕ ಅಂಟೊಂದು ಮರದೊಳಗೇ ಇದೆ. ಅದರ ಹೆಸರು ಲಿಗ್ನಿನ್. ಆವಿಯ ಬಿಸಿಗೆ ಅದು ಮೆದುವಾಗುತ್ತದೆ. ಆಗ ಚಕ್ಕೆಗಳನ್ನು ಬೀಸುವ ಕಲ್ಲಿನಂತೆ ಎದುರು ಬದುರಾಗಿ ನಿಂತ ಎರಡು ಉಕ್ಕಿನ ಚಕ್ರಗಳ ನಡುವೆ ಹಾಯಿಸಿದರೆ ಮರ ಮುರಿಯದೆ, ಪುಡಿಯಾಗದೆ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಸ್ವೀಡನ್ನಿನ ಆರ್ನೆ ಆಸ್ಪ್ಲುಂಡ್ ಎಂಬ ಎಂಜಿನಿಯರು 1930ರ ದಶಕದ ಆರಂಭದಲ್ಲಿ ಈ ಯಂತ್ರದ ಮೂಲರೂಪವನ್ನು ನಿರ್ಮಿಸಿದರು. ಚಕ್ರಗಳ ನಡುವಿನಿಂದ ಹೊರಟ ನಾರು ಆವಿಯೊಡನೆ ಕೊಳವೆಯೊಂದರಲ್ಲಿ ಬಿರುಗಾಳಿಯ ವೇಗದಲ್ಲಿ ಧಾವಿಸುತ್ತದೆ. ಆ ಕೊಳವೆಯಲ್ಲಿಯೇ ಸೂಜಿಯಂತಹ ಬಾಯಿಗಳಿಂದ ಅಂಟನ್ನು ಚಿಮ್ಮುತ್ತಾರೆ. ಕೈಯಿಂದಾಗಲಿ ಕಲಸುಯಂತ್ರದಿಂದಾಗಲಿ ಇಷ್ಟು ಸಮನಾಗಿ ಬೆರೆಸಲು ಸಾಧ್ಯವಿಲ್ಲ. ನೂರು ಕಿಲೋ ಒಣ ನಾರಿಗೆ ಎಂಟರಿಂದ ಹನ್ನೆರಡು ಕಿಲೋ ರಾಳ, ನೀರು ಹೀರದಂತೆ ಸುಮಾರು ಒಂದು ಕಿಲೋ ಮೇಣ. ಬಳಿಕ ಬಿಸಿಗಾಳಿಯ ಉದ್ದನೆಯ ಕೊಳವೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಒಣಗಿ, ಕಂದುಬಣ್ಣದ ಅರಳೆಯಂತೆ ಪಟ್ಟಿಯ ಮೇಲೆ ಹರಡಿಕೊಳ್ಳುತ್ತದೆ. ಮುಷ್ಟಿಯಲ್ಲಿ ಹಿಡಿದರೆ ತೂಕವೇ ಇಲ್ಲ. ಹದಿನೆಂಟು ಮಿಲಿಮೀಟರಿನ ಹಲಗೆಗೆ ಒಂದೂವರೆ ಅಡಿಯಷ್ಟು ಎತ್ತರದ ಅರಳೆ ಬೇಕು. ಅದನ್ನು ಮೊದಲು ತಣ್ಣಗೆ ಅದುಮಿ, ಆಮೇಲೆ 200 ಡಿಗ್ರಿಯ ಆಸುಪಾಸಿನ ಉಕ್ಕಿನ ಪಟ್ಟಿಗಳ ನಡುವೆ ಎರಡು ಮೂರು ನಿಮಿಷ ಒತ್ತುತ್ತಾರೆ. ಒಂದು ತುದಿಯಲ್ಲಿ ಅರಳೆ ಹೊಕ್ಕು ಇನ್ನೊಂದು ತುದಿಯಲ್ಲಿ ಮುಗಿಯದ ಹಲಗೆಯಾಗಿ ಹೊರಬರುವುದನ್ನು ನೋಡುತ್ತ ನಾವು ಊಟದ ಹೊತ್ತನ್ನು ಮರೆತೆವು.

ಒತ್ತುವಾಗ ಮೇಲ್ಮೈಗೆ ಮೊದಲು ಬಿಸಿ ತಾಗುವುದರಿಂದ ಎರಡು ಮೈಗಳು ಹೆಚ್ಚು ಬಿಗಿಯಾಗಿಯೂ ನಡುವಿನ ಭಾಗ ಸಡಿಲಾಗಿಯೂ ಉಳಿಯುತ್ತವೆ. ಅಂಚಿನಲ್ಲಿ ಸ್ಕ್ರೂ ಹಾಕಿದರೆ ಹಲಗೆ ಸೀಳುವುದಕ್ಕೆ ಕಾರಣ ಇದೇ. ಮೊದಲು ಸಣ್ಣ ತೂತು ಕೊರೆದು ಹಾಕಿದರೆ ನಿಲ್ಲುತ್ತದೆ.

ಅಂಟಿಲ್ಲದೆ ಮಾಡಲಾಗದೇ ಎಂದು ನಾವು ಕೇಳಿದೆವು. ಹಳೆಯ ವಿದ್ಯಾರ್ಥಿ ನಕ್ಕು, "ಸರ್, ನಿಮ್ಮ ಪರೀಕ್ಷೆಗೆ ನಾವೆಲ್ಲ ತರ್ತಿದ್ದ ಪ್ಯಾಡ್ ನೆನಪಿದೆಯಲ್ಲ?" ಎಂದರು. ಒಂದು ಮೈ ನುಣುಪು, ಇನ್ನೊಂದು ಮೈ ಜಾಲರಿಯ ಗುರುತು, ಮೇಲೊಂದು ಕ್ಲಿಪ್ಪು: ಆ ಕಂದು ಹಲಗೆಯನ್ನು ಹಿಡಿದು ಪರೀಕ್ಷೆ ಬರೆಯದವರು ನಮ್ಮ ಕಾಲದಲ್ಲಿ ಕಡಿಮೆ. ಅದು ಹಾರ್ಡ್‌ಬೋರ್ಡ್. ಅಮೆರಿಕಾದ ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ ವಿಲಿಯಂ ಮೇಸನ್ ಎಂಬವರು 1924ರಲ್ಲಿ ಅದನ್ನು ಕಂಡುಹಿಡಿದರು. ಇವರು ಮೊದಲು ಥಾಮಸ್ ಎಡಿಸನ್ನರ ಬಳಿ ಕೆಲಸ ಮಾಡಿದವರು. ಮರ ಕೊಯ್ಯುವ ಕಾರ್ಖಾನೆಗಳು ಸುಡುತ್ತಿದ್ದ ಚಕ್ಕೆಗಳನ್ನು ಕಂಡು ಮರುಗಿ, ಅವನ್ನು ಉಕ್ಕಿನ ಕೊಳವೆಯಲ್ಲಿ ತುಂಬಿ ಭಾರಿ ಒತ್ತಡದ ಆವಿ ಹಾಯಿಸಿ ಫಕ್ಕನೆ ಬಾಯಿ ತೆರೆದರು. ಅವಲಕ್ಕಿ ಅರಳಿದಂತೆ ಮರ ನಾರಾಗಿ ಸಿಡಿಯಿತು. ಊಟಕ್ಕೆ ಹೋದಾಗ ಒತ್ತುಯಂತ್ರದ ಆವಿಯ ಕೀಲಿ ಸೋರಿ, ಹಿಂದಿರುಗಿ ಬಂದಾಗ ಮೆತ್ತನೆಯ ನಾರು ಗಟ್ಟಿ ಹಲಗೆಯಾಗಿತ್ತೆಂಬ ಕಥೆ ಪ್ರಸಿದ್ಧವಾಗಿದೆ. ಅಲ್ಲಿ ಹೊರಗಿನ ಅಂಟು ಬೇಕಾಗಲಿಲ್ಲ. ಮರದ ಲಿಗ್ನಿನ್ನೇ ಕರಗಿ ಮತ್ತೆ ಬೆಸೆಯಿತು. ನಮ್ಮ ನೆರೆಯ ಕೇರಳದ ಕಣ್ಣೂರಿನ ಬಳಿ 1945ರಲ್ಲಿ ಆರಂಭವಾದ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಸಂಸ್ಥೆ ಇಂತಹ ಹಾರ್ಡ್‌ಬೋರ್ಡಿಗೆ ಹೆಸರಾದುದು. ಆದರೆ ಈ ವಿಧಾನ ನೀರನ್ನು ಹೇರಳವಾಗಿ ಬೇಡುತ್ತದೆ, ಹೊಲಸು ನೀರನ್ನೂ ಹೇರಳವಾಗಿ ಬಿಡುತ್ತದೆ. ತೆಳು ಹಲಗೆ ಬರುತ್ತದೆ, ದಪ್ಪ ಹಲಗೆ ಸುಲಭವಲ್ಲ. ದಪ್ಪವೂ ಬೇಕು, ನೀರೂ ಉಳಿಯಬೇಕು ಎಂದಾಗ ಒಣ ವಿಧಾನ ಬಂತು, ಅದರೊಡನೆ ಹೊರಗಿನ ಅಂಟೂ ಬಂತು. 1960ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾದ ಈ ಎಂಡಿಎಫ್ ಈಗ ಚಿಕ್ಕಮಗಳೂರಿನ ಕೈಗಾರಿಕಾ ಪ್ರದೇಶದಲ್ಲಿಯೂ ತಯಾರಾಗುತ್ತದೆ.

ಬೈಯುವುದು ಸುಲಭ. ಆದರೆ ಈ ಹಲಗೆಯಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನೂ ಯೋಚಿಸಬೇಕು. 1988ರ ರಾಷ್ಟ್ರೀಯ ಅರಣ್ಯ ನೀತಿ ಮರದ ಉದ್ಯಮಗಳಿಗೆ ಕಾಡನ್ನು ನಂಬಬೇಡಿ ಎಂದಿತು; 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗೋದಾವರ್ಮನ್ ಪ್ರಕರಣದಲ್ಲಿ ಕಾಡು ಕಡಿಯುವುದಕ್ಕೆ ಕಟ್ಟುನಿಟ್ಟಾದ ತಡೆ ಹಾಕಿತು. ಊರಿಗೊಂದರಂತೆ ಏಳುತ್ತಿರುವ ಬಡಾವಣೆಗಳ ಬೀರುಗಳನ್ನೆಲ್ಲ ಹೊನ್ನೆ, ಮತ್ತಿ, ಸಾಗುವಾನಿಗಳಲ್ಲಿ ಮಾಡಿಸಹೊರಟರೆ ಮಲೆನಾಡಿನಲ್ಲಿ ಏನು ಉಳಿದೀತು? ಐದಾರು ವರ್ಷದ ಸರ್ವೆಮರ, ಕಾಫಿತೋಟದಲ್ಲಿ ಸವರಿದ ಕೊಂಬೆ ಹಲಗೆಯಾಗುವುದಾದರೆ ಅದು ಸಣ್ಣ ಉಪಕಾರವಲ್ಲ. ನೀಲಗಿರಿಯ ಮಾತು ಬೇರೆ. ಅಂತರ್ಜಲದ ಕಾರಣಕ್ಕೆ ನಮ್ಮ ಸರಕಾರ 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತ್ತು. ಹೀಗಾಗಿ ದೋಷ ನಾರಿನದಲ್ಲ, ಅಂಟಿನದು ಎಂಬುದು ನಮ್ಮ ಅಭಿಪ್ರಾಯ. ಅಂಟಿನದೂ ಪೂರ್ತಿ ಅಲ್ಲ. ಯೂರಿಯಾದ ಪಾಲು ಹೆಚ್ಚಿಸಿ ಫಾರ್ಮಾಲ್ಡಿಹೈಡಿನ ಪಾಲು ಇಳಿಸಿದರೆ ಅನಿಲ ಬಹಳ ಕಡಿಮೆಯಾಗುತ್ತದೆ. ಆದರೆ ಅಂಟಿನ ಹಿಡಿತವೂ ಕುಗ್ಗುತ್ತದೆ. ಅದನ್ನು ಸರಿದೂಗಿಸಲು ಮೆಲಮಿನ್ ಎಂಬ ದುಬಾರಿ ವಸ್ತು ಬೆರೆಸಬೇಕು. ಅಗ್ಗದ ಹಲಗೆಯವರು ಇದನ್ನು ಮಾಡುವುದಿಲ್ಲ. ಐಸೊಸೈಯನೇಟ್ ಎಂಬ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇಲ್ಲವೇ ಇಲ್ಲ. ಮನೆಯವರಿಗೆ ಅದು ಒಳ್ಳೆಯದೇ, ಆದರೆ ಗಟ್ಟಿಯಾಗುವ ಮೊದಲು ಅದರ ಆವಿ ಕಾರ್ಮಿಕರಿಗೆ ಉಬ್ಬಸ ತರಬಲ್ಲದು. ಅಮೆರಿಕಾದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕೈಚಾಂಗ್ ಲೀ ಅವರು ಕಡಲ ಬಂಡೆಗೆ ಕಚ್ಚಿಕೊಳ್ಳುವ ಚಿಪ್ಪುಜೀವಿಯ ಅಂಟನ್ನು ಅಭ್ಯಸಿಸಿ, ಅದರಂತೆ ಸೋಯಾಹಿಟ್ಟನ್ನು ಮಾರ್ಪಡಿಸಿ ಪ್ಲೈವುಡ್ಡಿಗೆ ಹೊಸ ಅಂಟು ಮಾಡಿದರು. ಮೆಂತ್ಯದ ಬುಟ್ಟಿ ಮಾಡಿದ ನಮ್ಮ ತಾಯಂದಿರಿಗೆ ಇದು ಆಶ್ಚರ್ಯವೆನಿಸಲಾರದು. ತೆಂಗಿನ ಸಿಪ್ಪೆಯಲ್ಲಿ ಲಿಗ್ನಿನ್ ಹೇರಳವಾಗಿರುವುದರಿಂದ ಹೊರಗಿನ ಅಂಟಿಲ್ಲದೆಯೇ ಅದನ್ನು ಒತ್ತಿ ಹಲಗೆ ಮಾಡಬಹುದೆಂದು ಹಾಲೆಂಡಿನ ವಾಗೆನಿಂಗೆನ್ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ತಿಪಟೂರಿನ ಕಡೆಯ ಸಿಪ್ಪೆಯ ರಾಶಿಗಳನ್ನೂ ಚನ್ನಗಿರಿಯ ರಸ್ತೆಬದಿಯಲ್ಲಿ ಹೊಗೆಯಾಡುವ ಅಡಿಕೆ ಸಿಪ್ಪೆಯನ್ನೂ ಕಂಡಾಗಲೆಲ್ಲ ನಮಗೆ ಇದು ನೆನಪಾಗುತ್ತದೆ. ಬೆಂಗಳೂರಿನಲ್ಲಿ 1962ರಲ್ಲಿ ಆರಂಭವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರಿನ ಚಾಪೆಗಳನ್ನು ರಾಳದಲ್ಲಿ ಅದ್ದಿ ಒತ್ತಿ ಹಲಗೆಯನ್ನೂ ಛಾವಣಿಯ ತಗಡನ್ನೂ ಮಾಡಿ ತೋರಿಸಿದೆ. ದಾರಿಗಳು ಇಲ್ಲದಿಲ್ಲ.

ನಮಗೆ ಮೊಮ್ಮಗಳಿಗಿಂತ ಹೆಚ್ಚಿನ ಚಿಂತೆ ಹುಟ್ಟಿಸಿದವನು ಆಚಾರ್ರ ಮಗ. ಬೀರು ಕೊಂಡವರು ಒಂದು ವರ್ಷ ವಾಸನೆ ಕುಡಿದರೆ ಅವನು ದಿನವೂ ಹಲಗೆ ಕೊರೆಯುತ್ತಾನೆ. ತಂದೆಯ ಉಳಿ ಬಾಚಿಗಳನ್ನು ಬಿಟ್ಟು, ಕಂಪ್ಯೂಟರು ಹೇಳಿದಂತೆ ಜಾಲಂಧ್ರ ಕೊರೆಯುವ ಯಂತ್ರದ ಅಂಗಡಿಯಲ್ಲಿ ಅವನಿಗೆ ಕೆಲಸ. ಒಮ್ಮೆ ಹೋಗಿ ನೋಡಿದೆವು. ಶಟರ್ ಅರ್ಧ ಎಳೆದ ಚಿಕ್ಕ ಮಳಿಗೆ. ನೆಲ, ಗೋಡೆ, ಹುಡುಗನ ರೆಪ್ಪೆ ಎಲ್ಲದರ ಮೇಲೆ ಗೋಪಿಚಂದನದಂತಹ ನುಣ್ಣನೆಯ ಪುಡಿ. ಮೂಗಿಗೆ ಒಂದು ಕರವಸ್ತ್ರ. ಮರದ ಪುಡಿಯನ್ನೂ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ. ಇಲ್ಲಿ ಪುಡಿಯೊಡನೆ ಗಟ್ಟಿಯಾದ ರಾಳವೂ ಇರುತ್ತದೆ. ನಾರುಹಲಗೆಯ ಪುಡಿ ಸಾಗುವಾನಿಯ ಹೊಟ್ಟಿನಂತೆ ಕೆಳಗೆ ಬೀಳದೆ ಗಾಳಿಯಲ್ಲಿ ತೇಲುತ್ತದೆ. ಕರವಸ್ತ್ರ ಅದನ್ನು ತಡೆಯಲಾರದು. ಪುಡಿ ಹೀರುವ ಯಂತ್ರಕ್ಕೆ ಮಾಲೀಕರು ಹಣವಿಲ್ಲವೆಂದರು. ಕೊರೋನಾ ಕಾಲದಲ್ಲಿ ಕೂಡಿಟ್ಟ ಎನ್-95 ಮುಖಗವಸುಗಳ ಒಂದು ಪೆಟ್ಟಿಗೆಯನ್ನು ಹುಡುಗನ ಕೈಗಿಟ್ಟು ಬಂದೆವು. ಆಚಾರ್ರು ಮರುದಿನ ಮನೆಗೆ ಬಂದು, "ಅವನು ಮಾತು ಕೇಳಲ್ಲ ಮೇಷ್ಟ್ರೇ, ನೀವು ಹೇಳಿದ್ರೆ ಹಾಕ್ಕೋತಾನೆ" ಎಂದರು. ಹಾಕಿಕೊಳ್ಳುತ್ತಿದ್ದಾನೆ. ಆದರೆ ಪೆಟ್ಟಿಗೆ ಮುಗಿದ ಮೇಲೆ ತಾನೇ ಕೊಳ್ಳುತ್ತಾನೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ನಾವು ಆ ಕಡೆ ನಡೆದು ಹೋಗಿ ನೋಡಿಬರುವುದುಂಟು.

ಆ ಹುಡುಗ ಕೊರೆಯುವುದರಲ್ಲಿ ಹೆಚ್ಚಿನವು ಪೂಜಾಮಂಟಪಗಳು. ಇಂದು ಅಂಗಡಿಗಳಲ್ಲಿ ಬಿಳಿಬಣ್ಣ ಹೊಡೆದು ಕಣ್ಣು ಸೆಳೆಯುವಂತೆ ಇಟ್ಟಿರುವ ಮಂಟಪಗಳಲ್ಲಿ ಬಹಳಷ್ಟು ನಾರುಹಲಗೆಯವು. ನಮ್ಮ ಬಂಧುಗಳ ಮನೆಗಳಲ್ಲಿ ಅವು ಎರಡು ಮೂರು ವರ್ಷಕ್ಕೆ ಅಡಿಯಿಂದ ಉಬ್ಬಿ ಒಡೆದುದನ್ನು ಕಂಡಿದ್ದೇವೆ. ಕಾರಣ ಸರಳವಾದುದು. ಲಿಂಗಪೂಜೆಯಲ್ಲಿ ಮಜ್ಜನದ ನೀರು ತಟ್ಟೆಯಿಂದ ತುಳುಕುತ್ತದೆ, ಒದ್ದೆ ವಿಭೂತಿ ಒರೆಸಿದ ಬಟ್ಟೆ ಅಲ್ಲಿಯೇ ಇರುತ್ತದೆ, ಕೆಳಹಲಗೆ ದಿನವೂ ನೆನೆಯುತ್ತದೆ. ಒತ್ತಿ ಮಲಗಿಸಿದ ನಾರು ನೀರು ಕುಡಿದೊಡನೆ ತನ್ನ ಹಿಂದಿನ ಆಕಾರಕ್ಕೆ ಏಳುತ್ತದೆ, ಯೂರಿಯಾದ ರಾಳ ಬಿಟ್ಟುಕೊಡುತ್ತದೆ. ಒಣಗಿಸಿದರೂ ಹಲಗೆ ಮತ್ತೆ ಮೊದಲಿನ ದಪ್ಪಕ್ಕೆ ಬಾರದು. ನೀರು ತಾಗದ ಬೀರಿಗೆ ಇ-1 ಮುದ್ರೆಯ ನಾರುಹಲಗೆ ಸಾಕು. ಸಿಂಕಿನ ಕೆಳಗೆ, ಬಚ್ಚಲಿನಲ್ಲಿ, ಪೂಜೆಯ ಸ್ಥಳದಲ್ಲಿ ಅದಕ್ಕೆ ಕೆಲಸವಿಲ್ಲ.

ಕಳೆದ ವರ್ಷ ನಮ್ಮ ಮಗಳು ಹರಿಹರದಲ್ಲಿ ಮನೆ ಕಟ್ಟಿಸಿದಳು. ಅಡುಗೆಮನೆಯ ಕೆಳಗಿನ ಅರೆಗಳನ್ನು ಕಡಪ ಕಲ್ಲಿನಲ್ಲಿ ಮಾಡಿಸಿ, ಬಾಗಿಲುಗಳಿಗೆ ಮಾತ್ರ ಹಲಗೆ ಕೊಂಡೆವು. ಅಂಗಡಿಯವರು ಮುದ್ರೆ ತೋರಿಸಿ, ದರ್ಜೆಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕೆಂದು ಕೇಳಿದೆವು. ಮೊದಲನೆಯವರು ನಮ್ಮನ್ನು ವಿಚಿತ್ರವಾಗಿ ನೋಡಿದರು, ಮೂರನೆಯವರು ಬರೆದುಕೊಟ್ಟರು. ಚದರ ಅಡಿಗೆ ಕೆಲವು ರೂಪಾಯಿ ಹೆಚ್ಚಾಯಿತು. ಮಂಟಪಕ್ಕಾಗಿ ಹಳ್ಳಿಯ ಮನೆಯಿಂದ ಬಿಚ್ಚಿಟ್ಟಿದ್ದ ಹೊನ್ನೆಯ ಬಾಗಿಲೊಂದನ್ನು ಆಚಾರ್ರಿಗೆ ಒಪ್ಪಿಸಿದೆವು. ತಮ್ಮ ತಂದೆ ಕೂಡಿಸಿದ ಬಾಗಿಲಿನ ಗೂಟಗಳನ್ನು ಒಂದೊಂದಾಗಿ ಹೊಡೆದು ತೆಗೆಯಲು ಅವರು ಒಂದು ಹಗಲು ತೆಗೆದುಕೊಂಡರು. ಎರಡನೆಯ ದಿನ ಹಲಗೆ ಹಿಡಿಯಲೆಂದು ಮಗನನ್ನೂ ರಜೆ ಹಾಕಿಸಿ ಕರೆತಂದಿದ್ದರು.